ಪಾಕ ಮೀರಿದ ಶುಕ್ರವಾರ

ಅಂಗಿಯ ಎರಡನೆಯ ಗುಂಡಿ ಇಲ್ಲ ಎನ್ನುವುದು ನಾಗೇಂದ್ರಪ್ಪನಿಗೆ ಗೊತ್ತಾದದ್ದು ನ್ಯಾಮತಿಯಲ್ಲಿ ಬಸ್ಸು ಹತ್ತಿ ಕೂತ ಮೇಲೆ. ವಿಚಾರಣೆಗೆ ಹೊರಟವನ ಅಂಗಿಗೆ ಗುಂಡಿ ಇದ್ದರೆಷ್ಟು ಬಿಟ್ಟರೆಷ್ಟು, ಅವರು ವಿಚಾರಿಸುವುದು ನನ್ನನ್ನೋ ನನ್ನ ಅಂಗಿಯನ್ನೋ ಎಂದು ತನಗೆ ತಾನೇ ಜೋರು ಮಾಡಿಕೊಂಡ. ಆದರೂ ಕೈ ಸುಮ್ಮನಿರದೆ ಮತ್ತೆ ಮತ್ತೆ ಎದೆಯ ಹತ್ತಿರ ಹೋಗಿ ಖಾಲಿ ಕಾಜವನ್ನು ಮುಟ್ಟಿ ಬರುತ್ತಿತ್ತು. ಪಕ್ಕದ ಜೇಬಿನಲ್ಲಿ ನಾಲ್ಕು ಮಡಿಕೆಯ ನೋಟೀಸು. ಓದಿ ಓದಿ ಬಾಯಿಪಾಠವಾಗಿತ್ತು. ಚನ್ನಗಿರಿ ಗುಡ್ಡದ ಪ್ರಯೋಗದ ಶೆಡ್ಡಿನಲ್ಲಿ ಫರ್ನೇಸ್‌ಮನ್ ಆದ ನಾಗೇಂದ್ರಪ್ಪ ಬಿನ್ ಓಬಣ್ಣ ಎಂಬಾತನು ನಿಗದಿಗಿಂತ ಎರಡು ಪುಟ್ಟಿ ಇದ್ದಿಲನ್ನು ಹೆಚ್ಚಿಗೆ ಸುರಿದು, ಕರಗಿದ ಅದಿರು ಫರ್ನೇಸಿನೊಳಗೇ ಗಟ್ಟಿಯಾಗಲು ಕಾರಣನಾಗಿರುತ್ತಾನೆ. ಸುಳ್ಳು, ಹಸೀ ಸುಳ್ಳು. ಎರಡು ಪುಟ್ಟಿ ಹಾಗಿರಲಿ, ಎರಡು ಹಿಡಿ ಇದ್ದಿಲನ್ನೂ ಅವನು ಹೆಚ್ಚಿಗೆ ಹಾಕಿರಲಿಲ್ಲ. ಇಷ್ಟೇ ಆಗಿದ್ದರೆ ಎದೆ ಸೆಟೆಸಿಕೊಂಡು ಹೋಗಿ ಹೇಳಿಬಿಡಬಹುದಿತ್ತು. ಆದರೆ ಅವತ್ತು ಫರ್ನೇಸಿನ ಬಾಯಿ ತೆರೆದಾಗ ಏನೂ ಹರಿದು ಬಾರದೆ, ದೊಡ್ಡ ಮನುಷ್ಯರೆಲ್ಲ ಕೊರಳ ಹಾರ ಸರಿಪಡಿಸಿಕೊಳ್ಳುತ್ತ ಪೆಚ್ಚಾಗಿ ನಿಂತಾಗ, ಅವನಿಗೆ ಖುಷಿಯಾಗಿತ್ತು. ಸಣ್ಣ ಖುಷಿಯಲ್ಲ. ಹೊಟ್ಟೆಯ ತಳದಿಂದ ಎದ್ದು ಬಂದು ಬಾಯಿ ತುಂಬಿಕೊಂಡ ಖುಷಿ. ಈ ಹನ್ನೆರಡು ದಿನ ಅವನಿಗೆ ಊಟ ಸೇರದ ಹಾಗೆ ಮಾಡಿದ್ದು ನೋಟೀಸಲ್ಲ, ಅದು.

ತಪ್ಪು ಮಾಡದವನಿಗೆ ಖುಷಿ ಯಾಕಾಗಬೇಕು? ಖುಷಿಯಾದವನು ತಪ್ಪು ಮಾಡಿಲ್ಲ ಎಂದು ಹೇಗೆ ಹೇಳುವುದು? ಬಸ್ಸು ಹಳ್ಳಕ್ಕೆ ಇಳಿದು ಎದ್ದಿತು. ಮುಂದಿನ ಸೀಟಿನ ಹೆಂಗಸಿನ ಕುಕ್ಕೆಯೊಳಗಿನ ಕೋಳಿ ಕತ್ತು ಹೊರಗೆ ಹಾಕಿ ಇವನನ್ನೇ ನೋಡಿತು. ನೋಡು, ನೀನೂ ನೋಡು. ಆ ಗುಡ್ಡದ ಅದಿರು ಅಂಥಿಂಥದ್ದಲ್ಲ. ಕರ್ರಗೆ, ಕೈಗೆತ್ತಿಕೊಂಡರೆ ಮಣಿಕಟ್ಟು ಜಗ್ಗುವಷ್ಟು ಭಾರ. ಕಬ್ಬಿಣದ ಜೊತೆ ವೆನೇಡಿಯಂ ಎಂಬುದು ಅದರಲ್ಲಿ ಚೂರೇ ಚೂರು ಇದೆ. ಉಕ್ಕಿಗೆ ಚಿಟಿಕೆಯಷ್ಟು ಸೇರಿಸಿದರೆ ಸಾಕು, ಬಾಗುವುದು ಬಾಗುವುದಿಲ್ಲ, ಮುರಿಯುವುದು ಮುರಿಯುವುದಿಲ್ಲ. ಟೈಟೇನಿಯಂ ಎಂಬ ತಂಟೆಕೋರನೂ ಅದೇ ಕಲ್ಲಿನಲ್ಲಿದ್ದಾನೆ. ಇದ್ದಿಲು ಸೇರಿಸಿ ಕರೆಂಟಿನಲ್ಲಿ ಕರಗಿಸಿದರೆ ವೆನೇಡಿಯಂ ಕಬ್ಬಿಣದ ಒಳಗೆ ಇಳಿಯುತ್ತದೆ, ತಂಟೆಕೋರ ಮೇಲೆ ತೇಲುವ ಕಸದಲ್ಲಿ, ಕಿಟ್ಟದಲ್ಲಿ, ಉಳಿಯುತ್ತಾನೆ. ಕಿಟ್ಟ ತೆಳ್ಳಗಿರುವಾಗಲೇ ಬಾಯಿ ತೆರೆದು ಎಲ್ಲವನ್ನೂ ಹರಿಸಿಬಿಡಬೇಕು. ಇನ್ನೊಂದು ತಾಸು ಆ ಇದ್ದಿಲಿನ ಜೊತೆ ಬಿಟ್ಟರೆ ಕಿಟ್ಟ ಮುದ್ದೆಯಾಗುತ್ತದೆ. ಮಿಕ್ಕಿದ್ದೆಲ್ಲ ಕಾವು ಕೊಟ್ಟರೆ ಕರಗುತ್ತದೆ, ಇದೊಂದು ಮಾತ್ರ ಕಾವಿನಲ್ಲಿಯೇ ಇಟ್ಟರೆ ಗಟ್ಟಿಯಾಗುತ್ತದೆ. ಇದನ್ನು ಅವನಿಗೆ ಯಾವ ಇಂಜಿನಿಯರೂ ಹೇಳಿಕೊಟ್ಟಿರಲಿಲ್ಲ. ಪ್ರಯೋಗದ ಮೊದಲ ಎರಡು ಸುತ್ತಿನಲ್ಲಿ ಸರಳು ಅದ್ದಿ ತೆಗೆದು, ತುದಿಯಿಂದ ಇಳಿಯುವ ಎಳೆ ಕಡಿಯದೆ ನೆಲ ಮುಟ್ಟುವುದನ್ನು ನೋಡಿ, ಈಗ ಬಿಡ್ರಿ ಅಂದವನು ಅವನೇ. ಗೌಡ್ರೇ, ಪಾಕ ಆತ್ರಿ, ಇಳಿಸ್ರಿ. ಅದು ಅಪ್ಪನ ಧ್ವನಿ. ಹೊನ್ನಾಳಿ ಹೊಳೆದಂಡೆಯ ಆಲೆಮನೆಯಲ್ಲಿ ಅಪ್ಪ ಓಬಣ್ಣ ಒಲೆಗೆ ಕಬ್ಬಿನ ಸಿಪ್ಪೆ ತುಂಬುವವನು. ತಗ್ಗಿನಲ್ಲಿ ಒಲೆಯ ಬಾಯಿ, ಮೇಲೆ ಕೊಪ್ಪರಿಗೆ. ಕೊಪ್ಪರಿಗೆಯ ಹತ್ತಿರ ಅವನು ಸುಳಿಯುವಂತಿರಲಿಲ್ಲ, ಬೆಲ್ಲ ಮೈಲಿಗೆಯಾಗುತ್ತಿತ್ತು. ಹಾಗಾಗಿ ತಗ್ಗಿನಲ್ಲಿ ನಿಂತೇ, ಕುದಿಯುವ ಸದ್ದು ಕೇಳಿ, ಮೇಲೆ ಕೊಪ್ಪರಿಗೆ ತಿರುವುವವನ ಹುಟ್ಟಿನಿಂದ ಬೀಳುವ ಹನಿ ನೋಡಿ ಪಾಕ ಹೇಳುವುದನ್ನು ಕಲಿತಿದ್ದ. ಮಗನಿಗೂ ಅದನ್ನೇ ಕಲಿಸಿದ. ನಿಂಗೇನು ಕಾಣ್ತೈತಲೇ ಅಲ್ಲಿಂದ ಎಂದು ಆಲೆಮನೆಯ ಗೌಡ ನಗುತ್ತಿದ್ದ. ಒಲೆಯವನು ಹೇಳಿದ ಕೂಡಲೇ ಇಳಿಸಿದರೆ ಮರ್ಯಾದೆ ಏನು ಉಳಿಯಿತು? ಒಂದು ಬೀಡಿ ಸೇದುವಷ್ಟು ಹೊತ್ತು ಬಿಟ್ಟು ಇಳಿಸುತ್ತಿದ್ದ. ಅವನ ಬೆಲ್ಲ ಪ್ರತಿವರ್ಷವೂ ಒಂದಿಷ್ಟು ಗಟ್ಟಿ, ಒಂದಿಷ್ಟು ಕಪ್ಪು. ಸಂತೆಯಲ್ಲಿ ಜನ ಅದನ್ನು ಬೈದುಕೊಂಡೇ ಕೊಳ್ಳುತ್ತಿದ್ದರು.

ಬೆಳಿಗ್ಗೆ ಹೆಂಡತಿ ಹುಲಿಗೆಮ್ಮ ರೊಟ್ಟಿ ಕಟ್ಟಿಕೊಡುತ್ತ, ‘ಹೋಗಬ್ಯಾಡ ಬಿಡು, ಜಗಳೂರಿಗೆ ಹೋಗಾನ ನಡಿ. ನಮ್ಮಣ್ಣನ ಕುರಿ ಅದಾವೆ, ಶೇಂಗಾ ಹೊಲ ಐತೆ. ಇವರ ಹಂಗು ಯಾಕೆ?’ ಎಂದಿದ್ದಳು.

‘ಕುರಿ ಕಾಯಾಕೆ ನಾನು ಫರ್ನೇಸ್ ಕಲ್ತಿದ್ದಾ?’

‘ಏನು ಕಲ್ತಿ? ನೀನು ಕಲ್ತೀಯ ಅಂತ ಅವರೇನು ಬರ್ಕೊಟ್ಟಾರಾ?’

ಬರೆದುಕೊಟ್ಟಿರಲಿಲ್ಲ. ಅವಳು ಹಾಗೆಯೇ, ನೇರವಾಗಿ ಗಾಯದ ಮೇಲೇ ಬೆರಳಿಡುವವಳು. ಎರಡನೆಯ ಸುತ್ತಿನ ಕಬ್ಬಿಣ ಪರೀಕ್ಷೆಗೆ ಹೋಗಿ, ವೆನೇಡಿಯಂ ಚೆನ್ನಾಗಿ ಇಳಿದಿದೆ ಎಂದು ಉತ್ತರ ಬಂದ ದಿನ ಮ್ಯಾನೇಜರ್ ಷಣ್ಮುಖಪ್ಪನವರು ಎಲ್ಲರಿಗೂ ಪೇಡೆ ಹಂಚಿದರು. ವರದಿಯಲ್ಲಿ ಷಣ್ಮುಖಪ್ಪನವರ ಹೆಸರಿತ್ತು, ಬೆಂಗಳೂರಿನ ಇಬ್ಬರ ಹೆಸರಿತ್ತು, ಕಡೆಗೆ ಟ್ರಾನ್ಸ್‌ಫಾರ್ಮರ್ ಕಂಪನಿಯ ಹೆಸರೂ ಇತ್ತು. ಅವನ ಪೇಡೆ ಮಾತ್ರ ಮೇಲಿನಿಂದ ಅಂಗೈಗೆ ಬಿತ್ತು. ಬಿದ್ದ ಪೇಡೆಯನ್ನು ಅವನು ನಗುತ್ತಲೇ ತಿಂದ. ಥೂ, ನಗುತ್ತ ಯಾಕೆ ತಿಂದೆ? ಇದನ್ನೆಲ್ಲ ಹೆಂಡತಿಗೆ ಹೇಳಿಕೊಂಡಿರಲಿಲ್ಲ. ಆ ಖುಷಿಯೊಂದನ್ನು ಮಾತ್ರ ಇವತ್ತು ಹೊಸ್ತಿಲು ದಾಟುವಾಗ ಹೇಳಿಬಿಟ್ಟ: ‘ಅದು ಕೆಟ್ಟಾಗ ನಂಗೆ ಖುಷಿ ಆತು ಕಣೆ.’ ಅವಳು ಬೆಚ್ಚಿಬೀಳುತ್ತಾಳೆಂದುಕೊಂಡಿದ್ದ. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ, ‘ಆಗ್ಲಿ ಬಿಡು. ಖುಷಿ ಆಗಾಕೂ ಅವರನ್ನ ಕೇಳ್ಬೇಕಾ?’ ಎಂದು ಒಳಗೆ ಹೋಗಿಬಿಟ್ಟಳು.

ಹೊನ್ನಾಳಿಯಲ್ಲಿ ಇಳಿದಾಗ ಚನ್ನಗಿರಿ ಬಸ್ಸಿಗೆ ಇನ್ನೂ ಹೊತ್ತಿತ್ತು. ದಾವಣಗೆರೆಯ ಬಸ್ಸು ಮಾತ್ರ ಎದುರಿಗೇ ಗುರುಗುಟ್ಟುತ್ತ ನಿಂತಿತ್ತು. ಅದನ್ನು ಹತ್ತಿ, ದಾವಣಗೆರೆಯಲ್ಲಿ ಇನ್ನೊಂದು ಹಿಡಿದರೆ ಮಧ್ಯಾಹ್ನದ ಊಟಕ್ಕೆ ಜಗಳೂರು. ಕಾಲು ಎರಡು ಹೆಜ್ಜೆ ಆ ಕಡೆ ಹೋದದ್ದೂ ನಿಜ. ಅಷ್ಟರಲ್ಲಿ ಹೋಟೆಲಿನ ಮುಂದಿನ ಬೆಂಚಿನಿಂದ ಪಾಪಣ್ಣ ಕೈಬೀಸಿದ. ಶೆಡ್ಡಿನಲ್ಲಿ ಇದ್ದಿಲು ಅಳೆದು ಕೊಡುವವನು ಪಾಪಣ್ಣ. ನಾಲ್ಕು ವರ್ಷ ಇಬ್ಬರೂ ಒಂದೇ ಬೆಂಕಿಯ ಮುಂದೆ ಬೆವತವರು. ಇವತ್ತು ಅವನು ಇಸ್ತ್ರಿಯ ಅಂಗಿ ಹಾಕಿದ್ದ. ಗುಂಡಿಗಳೆಲ್ಲ ಇದ್ದವು.

‘ಇಲ್ಲೇ ಸಿಕ್ಕಿದ್ದು ಚಲೋ ಆತು. ಮ್ಯಾನೇಜರ್ ಸಾಹೇಬ್ರು ಇದನ್ನ ಕೊಡು ಅಂದ್ರು’ ಎಂದು ಪಾಪಣ್ಣ ಟೈಪು ಮಾಡಿದ ಒಂದು ಹಾಳೆಯನ್ನು ಮುಂದಿಟ್ಟ. ‘ಓದ್ಲೇಬೇಕು ಅಂತೇನಿಲ್ಲ. ಕೆಳಗೆ ಸೈನ್ ಹಾಕಿದ್ರೆ ಸಾಕು.’

ನಾಗೇಂದ್ರಪ್ಪ ಓದಿದ. ನನ್ನ ಅಜಾಗರೂಕತೆಯಿಂದ ಇದ್ದಿಲು ಹೆಚ್ಚಾಗಿ ಬಿದ್ದಿದ್ದು, ಇದಕ್ಕೆ ನಾನೇ ಹೊಣೆಗಾರನಾಗಿದ್ದು, ದಯಮಾಡಿ ಕ್ಷಮಿಸಬೇಕಾಗಿ ಪ್ರಾರ್ಥನೆ.

‘ಸೈನ್ ಹಾಕಿದ್ರೆ ಕೆಲಸ ಉಳೀತೈತಂತೆ ಮಾರಾಯ. ಫರ್ನೇಸ್ ಹತ್ರ ಬಿಡಲ್ಲ, ಗೇಟಿಗೆ ಹಾಕ್ತಾರಂತೆ. ನೆಳ್ಳಾಗೆ ಕುಂತು ಮಾಡೋ ಕೆಲಸ. ಹಾಕ್ಲಿಲ್ಲ ಅಂದ್ರೆ ಇವತ್ತೇ ಮನೆಗೆ.’

‘ಇದ್ದಿಲು ಅಳೆದು ಕೊಟ್ಟೋನು ನೀನು. ಜಾಸ್ತಿ ಕೊಟ್ಯಾ?’

‘ಇಲ್ಲ.’

‘ಹಂಗಂತ ಅಲ್ಲಿ ಹೇಳ್ತೀಯಾ?’

ಪಾಪಣ್ಣ ಚಾದ ಲೋಟವನ್ನು ಬೆಂಚಿನ ಮೇಲೆ ಆ ಕಡೆ ಈ ಕಡೆ ಸರಿಸಿದ. ‘ನೋಡಿದ್ದೆಲ್ಲಾ ಹೇಳಾಕಾಗ್ತೈತೇನೋ? ನಂಗೂ ಹೆಂಡ್ತಿ ಮಕ್ಳು ಅದಾವೆ’ ಎಂದ. ಅದನ್ನು ಹೇಳುವಾಗ ಅವನ ಮುಖ ಸಣ್ಣದಾಗಿತ್ತು. ನಾಗೇಂದ್ರಪ್ಪನಿಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ, ಬಾರದ್ದಕ್ಕೆ ತನ್ನ ಮೇಲೇ ಬಂತು. ಹಾಳೆಯನ್ನು ಮಡಿಸಿ ನೋಟೀಸಿನ ಜೊತೆ ಇಟ್ಟುಕೊಂಡ. ದಾವಣಗೆರೆಯ ಬಸ್ಸು ಹಾರನ್ ಹೊಡೆದು ಹೊರಟುಹೋಯಿತು.

ಚನ್ನಗಿರಿಯ ಬಸ್ಸಿನಲ್ಲಿ ಪಾಪಣ್ಣ ಇವನ ಭುಜಕ್ಕೆ ತಲೆಕೊಟ್ಟು ನಿದ್ದೆಹೋದ. ಬಿಸಿಲು ಆಗಲೇ ಚುರುಗುಡುತ್ತಿತ್ತು. ಅವತ್ತೂ ಹೀಗೆಯೇ ಬಿಸಿಲು, ಶೆಡ್ಡಿಗೆ ಮಾವಿನೆಲೆ ಕಟ್ಟಿದ್ದರು. ಮೂರನೆಯ ಸುತ್ತು. ಬೆಂಗಳೂರಿನಿಂದ ಕಂಪನಿಯ ದೊಡ್ಡ ಸಾಹೇಬರು ಬಂದ ಮೇಲೆ, ಅವರ ಕೈಯಿಂದಲೇ ಬಾಯಿ ತೆರೆಸಿ, ಹರಿಯುವ ಲೋಹವನ್ನು ಅವರಿಗೆ ತೋರಿಸಬೇಕು. ತೋರಿಸಿದರೆ ಇದೇ ಗುಡ್ಡದ ಬುಡದಲ್ಲಿ ದೊಡ್ಡ ಕಾರ್ಖಾನೆ. ಹತ್ತೂಕಾಲಿಗೆ ನಾಗೇಂದ್ರಪ್ಪ ಸರಳು ಅದ್ದಿ ತೆಗೆದ. ಎಳೆ ಕಡಿಯದೆ ಇಳಿಯಿತು. ಎಂಥ ಎಳೆ ಅದು! ನಾಲ್ಕು ವರ್ಷದಲ್ಲಿ ಅಂಥದ್ದನ್ನು ಅವನು ಕಂಡಿರಲಿಲ್ಲ. ‘ಸಾರ್, ಆತ್ರಿ. ಈಗ್ಲೇ ಬಿಡಬೇಕು’ ಎಂದು ಓಡಿದ. ಷಣ್ಮುಖಪ್ಪನವರು ಗಡಿಯಾರ ನೋಡಿಕೊಂಡರು. ಕೆಟ್ಟ ಮನುಷ್ಯರಲ್ಲ ಅವರು. ಹಣೆಯ ವಿಭೂತಿ ಬೆವರಿಗೆ ಕರಗಿ ಹೆಲ್ಮೆಟ್ಟಿನ ಪಟ್ಟಿಗೆ ಹತ್ತಿತ್ತು. ‘ಶುಕ್ರವಾರ ಕಣಯ್ಯಾ. ಹತ್ತೂವರೆಗೆ ರಾಹುಕಾಲ ಹತ್ತುತೈತೆ, ಬಿಡೋದು ಹನ್ನೆರಡಕ್ಕೆ. ಸಾಹೇಬ್ರೂ ಬಂದಿಲ್ಲ. ಕರೆಂಟ್ ಕಡಿಮೆ ಮಾಡಿ ಕಾವು ಹಿಡ್ಕಂಡಿರು.’ ‘ಹಿಡ್ಕಂಡಷ್ಟೂ ಕೆಡ್ತೈತ್ರಿ.’ ‘ಕಾದಿರೋದು ಹೆಂಗೆ ಗಟ್ಟಿಯಾಗ್ತೈತಯ್ಯಾ? ನೀನು ನಂಗೆ ಪಾಠ ಹೇಳಬ್ಯಾಡ.’ ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ, ನೆಲ ನೋಡುತ್ತ, ‘ಪೂಜೆ ಆಗೋ ತನಕ ನೀನು ಹಗ್ಗದ ಆ ಕಡೆ ಇರು. ಅಯ್ಯನೋರು ಬರ್ತಾರೆ. ತಪ್ಪು ತಿಳ್ಕಬ್ಯಾಡ’ ಎಂದರು. ಫರ್ನೇಸಿನ ಸುತ್ತ ಮಾವಿನೆಲೆ ಸಿಕ್ಕಿಸಿದ ಹಗ್ಗ ಕಟ್ಟಿತ್ತು. ಸರಳನ್ನು ಅವನ ಕೈಯಿಂದ ತೆಗೆದು ಪಾಪಣ್ಣನ ಕೈಗೆ ಕೊಟ್ಟರು.

ಹಗ್ಗದ ಆಚೆ ಮೂವತ್ತು ಅಡಿ ದೂರ. ಅಪ್ಪನ ತಗ್ಗಿಗಿಂತ ಹೆಚ್ಚೇನೂ ದೂರವಿರಲಿಲ್ಲ. ಹನ್ನೊಂದರ ಹೊತ್ತಿಗೆ ಒಳಗಿನ ಕುದಿತದ ಸದ್ದು ಬದಲಾಯಿತು. ಚಿಟಪಟ ಎನ್ನುತ್ತಿದ್ದುದು ನಿಂತು, ಬಹಳ ಹೊತ್ತಿಗೊಮ್ಮೆ ಗುಳುಕ್ ಎನ್ನತೊಡಗಿತು. ಅಂಬಲಿ ಗಟ್ಟಿಯಾಗಿ ಮುದ್ದೆಗೆ ತಿರುಗುವಾಗ ಬರುವ ಸದ್ದು. ಆಗಲೂ ಕೈಮೀರಿರಲಿಲ್ಲ. ನಾಲ್ಕು ಸಲಿಕೆ ಹಸೀ ಅದಿರು ಎಸೆದಿದ್ದರೆ ಇದ್ದಿಲು ಅದನ್ನು ತಿನ್ನಲು ಹೋಗಿ ಕಿಟ್ಟ ಮತ್ತೆ ಸಡಿಲವಾಗುತ್ತಿತ್ತು. ಎರಡನೆಯ ಸುತ್ತಿನಲ್ಲಿ ಅವನು ಹಾಗೆ ಮಾಡಿ ನೋಡಿದ್ದ. ಕೂಗಿದ. ಹೌದು, ಒಂದು ಸಲ ಕೂಗಿದ: ‘ಸಾರ್, ಪಾಕ ಮೀರ್ತೈತೆ! ಹಸೀ ಅದಿರು ಹಾಕಿಸ್ರಿ!’ ಪೂಜೆಗೆ ಬಂದಿದ್ದ ಬಿಳೀ ಬಟ್ಟೆಯವರು ತಿರುಗಿ ನೋಡಿ, ಪಾಕವಂತೆ ಎಂದು ನಕ್ಕರು. ಷಣ್ಮುಖಪ್ಪನವರು ಹಗ್ಗದ ತನಕ ಬಂದು, ‘ಮಾನ ಕಳೀಬ್ಯಾಡ, ಬಾಯಿ ಮುಚ್ಚು’ ಎಂದರು. ಮುಚ್ಚಿದ. ಹಗ್ಗವೇನು ಮುಳ್ಳುತಂತಿಯೇ? ದಾಟಬಹುದಿತ್ತು. ಒಂದು ಕಾಲೆತ್ತಿ ಇಟ್ಟಿದ್ದರೆ ದಾಟಿಯೇಬಿಡುತ್ತಿದ್ದ. ದಾಟಲಿಲ್ಲ. ಕೈಕಟ್ಟಿ ನಿಂತು, ಕೆಡ್ಲಿ, ನಿಮ್ಮ ರಾಹುಕಾಲಕ್ಕಿಷ್ಟು ಬೆಂಕಿ ಬೀಳ್ಲಿ, ಚೆನ್ನಾಗಿ ಕೆಡ್ಲಿ ಎಂದುಕೊಂಡ. ಹನ್ನೆರಡೂ ಇಪ್ಪತ್ತಕ್ಕೆ ಸಾಹೇಬರ ಕಾರು ಬಂತು. ಕಾಯಿ ಒಡೆದರು, ಕರ್ಪೂರ ಬೆಳಗಿದರು, ಬಾಯಿ ತೆರೆಸಿದರು. ತೂತಿನಿಂದ ಕೆಂಪನೆಯ ಒಂದು ಮುದ್ದೆ ಮೂತಿ ತೋರಿಸಿ ಅಲ್ಲೇ ನಿಂತಿತು. ಅಷ್ಟೇ. ಯಾರೋ ರೂಢಿಯ ಮೇಲೆ ಚಪ್ಪಾಳೆ ತಟ್ಟಿ ನಿಲ್ಲಿಸಿದರು. ಆ ಖುಷಿ ಬಂದದ್ದು ಆಗ. ಆಮೇಲೆ ಎಲ್ಲರೂ ಹೋಗಿ ಶೆಡ್ಡು ಖಾಲಿಯಾದಾಗ ಫರ್ನೇಸಿನ ಹತ್ತಿರ ಹೋಗಿ ನಿಂತ. ಒಳಗೆ ಕಿಟ್ಟದ ಕೆಳಗೆ ಆ ಒಳ್ಳೆಯ ಕಬ್ಬಿಣ, ಅದರೊಳಗೆ ಇಳಿದಿದ್ದ ವೆನೇಡಿಯಂ, ಎಲ್ಲ ಕಲ್ಲಾಗುತ್ತಿತ್ತು. ಅದು ಷಣ್ಮುಖಪ್ಪನವರದಾಗಿರಲಿಲ್ಲ, ಸಾಹೇಬರದೂ ಆಗಿರಲಿಲ್ಲ, ಅವನದಾಗಿತ್ತು. ತನ್ನದನ್ನು ತಾನೇ ಸಾಯಲು ಬಿಟ್ಟು ನಿಂತು ನೋಡಿದ್ದ. ಬಿಸಿ ಗೋಡೆಗೆ ಬೆನ್ನು ಹಚ್ಚಿ ಕೂತು ಅವನು ಅತ್ತಿದ್ದ.

‘ಇಳೀರಿ, ಚನ್ನಗಿರಿ’ ಎಂದ ಕಂಡಕ್ಟರು.

ವಿಚಾರಣೆ ನಡೆದದ್ದು ಪ್ರವಾಸಿ ಮಂದಿರದ ಮುಂದಿನ ಕೋಣೆಯಲ್ಲಿ. ವಿಚಾರಣೆಗೆಂದು ಹೊರಗಿನಿಂದ ಬಂದಿದ್ದ ತಿಪ್ಪೇರುದ್ರಸ್ವಾಮಿಯವರು ಕನ್ನಡಕ ಒರೆಸುತ್ತ ಕೂತಿದ್ದರು. ಪಕ್ಕದಲ್ಲಿ ಷಣ್ಮುಖಪ್ಪನವರು. ಮೂರನೆಯ ಕುರ್ಚಿಯ ಮೇಲೆ ಫೈಲುಗಳ ಕಟ್ಟು, ಅದರ ಮೇಲೊಂದು ಟವೆಲ್ಲು. ನಾಗೇಂದ್ರಪ್ಪ ನಿಂತ. ಪಾಪಣ್ಣ ಬಾಗಿಲಲ್ಲಿ ನಿಂತ. ಕೈ ಮತ್ತೆ ಕಾಜದ ಹತ್ತಿರ ಹೋಗುತ್ತಿತ್ತು, ಅದನ್ನು ಬಲವಂತವಾಗಿ ಕೆಳಗಿಳಿಸಿದ.

‘ಕಾಗದ ತಂದೀಯಾ?’ ಎಂದು ಷಣ್ಮುಖಪ್ಪನವರು ಕೇಳಿದರು. ಅವರ ಮುಖ ಸೊರಗಿತ್ತು. ಹನ್ನೆರಡು ದಿನ ಅವರಿಗೂ ನಿದ್ದೆಯಿಲ್ಲ ಎನ್ನುವುದು ಕಾಣುತ್ತಿತ್ತು.

‘ತಂದೀನಿ.’

‘ಸೈನ್ ಆಗೈತಾ?’

‘ಇಲ್ರಿ.’

ತಿಪ್ಪೇರುದ್ರಸ್ವಾಮಿಯವರು ಕನ್ನಡಕ ಹಾಕಿಕೊಂಡರು. ಮೃದುವಾದ ದನಿ. ‘ನೋಡಪ್ಪ, ನಾನು ನಿನ್ನ ಹೊಟ್ಟೆ ಮೇಲೆ ಹೊಡೆಯಾಕೆ ಬಂದಿಲ್ಲ. ತಪ್ಪಾಗಿದ್ರೆ ತಪ್ಪಾತು ಅನ್ನು, ಮುಗೀತು. ಇದ್ದಿಲು ಹಾಕಿದ್ದು ನೀನೇ ತಾನೆ?’

‘ನಾನೇ. ಅಳತೆ ಮೀರಿ ಹಾಕಿಲ್ಲ.’

‘ಹಂಗಾದ್ರೆ ನಿಂದೇನೂ ತಪ್ಪಿಲ್ಲ ಅಂತೀಯಾ?’

ಇಲ್ಲ ಎಂದುಬಿಟ್ಟರೆ ಆಗಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದು, ಎಳೆ ಇಳಿಯದೆ ಅಲ್ಲೇ ನಿಂತಿತು. ಬರೀ ಇದ್ದಿಲಿನ ಸುಳ್ಳನ್ನು ಅಲ್ಲಗಳೆದು ಮನೆಗೆ ಹೋದರೆ ಮಿಕ್ಕಿದ್ದು ಒಳಗೇ ಗಟ್ಟಿಯಾಗುತ್ತದೆ ಎನ್ನಿಸಿತು. ಸಾಯುವ ತನಕ ಚಿಪ್ಪು ಚಿಪ್ಪಾಗಿ ಕೆತ್ತಿ ತೆಗೆಯುವವರು ಯಾರು?

‘ನಂದೂ ತಪ್ಪೈತ್ರಿ’ ಎಂದ.

ಷಣ್ಮುಖಪ್ಪನವರು ಉಸಿರು ಬಿಟ್ಟರು. ತಿಪ್ಪೇರುದ್ರಸ್ವಾಮಿಯವರು ಪೆನ್ನಿನ ಮುಚ್ಚಳ ತೆಗೆದರು. ‘ಹೇಳು. ಬರ್ಕಂತೀನಿ.’

‘ಹತ್ತೂಕಾಲಿಗೆ ಪಾಕ ಆಗಿತ್ತು. ಹನ್ನೊಂದಕ್ಕೆ ಮೀರಿತು. ನಂಗೆ ಗೊತ್ತಾತು. ಒಂದು ಸಲ ಕೂಗಿ ಹೇಳಿದೆ. ಎರಡನೇ ಸಲ ಹೇಳಲಿಲ್ಲ. ಅದು ನನ್ನ ತಪ್ಪು. ಕೆಡ್ಲಿ ಅಂದ್ಕಂಡೆ. ಕೆಟ್ಟಾಗ ಖುಷಿಪಟ್ಟೆ. ಅದನ್ನೂ ಬರ್ಕಳ್ರಿ.’

‘ಗೊತ್ತಾಗಿದ್ರೆ ನೀನೇ ಹೋಗಿ ಸರಿಮಾಡಬೇಕಿತ್ತಲ್ಲಪ್ಪ? ಫರ್ನೇಸ್‌ಮನ್ ನೀನು.’

‘ನಾನು ಹಗ್ಗದ ಆಚೆ ಇದ್ದೆ.’

‘ಯಾವ ಹಗ್ಗ?’

‘ಅದು ಸೇಫ್ಟಿಗೆ ಅಂತ ಕಟ್ಟಿದ್ದು ಸಾರ್’ ಎಂದು ಷಣ್ಮುಖಪ್ಪನವರು ಅವಸರದಿಂದ ನಡುವೆ ಬಂದರು. ‘ಯಾರೂ ಬೆಂಕಿ ಹತ್ರ ಹೋಗಬಾರದು ಅಂತ.’

‘ಪಾಪಣ್ಣ ಯಾವ ಕಡೆ ಇದ್ದ, ಕೇಳ್ರಿ.’

ಎಲ್ಲರೂ ಬಾಗಿಲ ಕಡೆ ನೋಡಿದರು. ಪಾಪಣ್ಣ ಇಸ್ತ್ರಿ ಅಂಗಿಯ ತುದಿಯನ್ನು ಹಿಡಿದುಕೊಂಡಿದ್ದ. ಯಾರ ಮುಖವನ್ನೂ ನೋಡದೆ, ‘ಒಳಗಡೆ ಇದ್ದೆ ಸ್ವಾಮಿ. ಸರಳು ನನ್ನ ಕೈಯಾಗಿತ್ತು’ ಎಂದ.

‘ನಿಂಗೆ ಪಾಕ ನೋಡಾಕೆ ಬರ್ತೈತಾ?’ ಎಂದರು ತಿಪ್ಪೇರುದ್ರಸ್ವಾಮಿಯವರು.

‘ಇಲ್ರಿ. ಇಡೀ ಶೆಡ್ಡಿನಾಗೆ ಅದು ಬರೋದು ಅವನಿಗೊಬ್ಬನಿಗೇ.’

ತಿಪ್ಪೇರುದ್ರಸ್ವಾಮಿಯವರ ಪೆನ್ನು ಹಾಳೆಯ ಮೇಲೆ ನಿಂತೇ ಇತ್ತು. ತುದಿಯಲ್ಲಿ ಒಂದು ನೀಲಿ ಚುಕ್ಕೆ ದೊಡ್ಡದಾಗುತ್ತಿತ್ತು. ಹಗ್ಗ ಎಂದು ಬರೆದರೆ ಯಾಕೆ ಕಟ್ಟಿದರು ಎಂದು ಬರೆಯಬೇಕು. ಒಬ್ಬ ಒಳಗೆ, ಒಬ್ಬ ಹೊರಗೆ ಯಾಕೆ ಎಂದು ಬರೆಯಬೇಕು. ಎರಡು ತಾಸು ಯಾತಕ್ಕೆ ಕಾದರು ಎಂದು ಬರೆಯಬೇಕು. ಅವರು ಪೆನ್ನನ್ನು ಕೆಳಗಿಟ್ಟರು. ‘ಇದನ್ನೆಲ್ಲ ಬರೆಯಾಕೆ ಬರಲ್ಲಪ್ಪ. ಕೇಳಿದ್ದಕ್ಕೆ ಹೌದು, ಇಲ್ಲ, ಅಷ್ಟೇ ಹೇಳು.’

‘ನಿಮಗೆ ಬರಲ್ಲಾಂದ್ರೆ ಬಿಡ್ರಿ. ನಂಗೆ ಬರ್ತೈತೆ. ಏಳನೇ ಕ್ಲಾಸು ಓದೀನಿ.’

ಮೂರನೆಯ ಕುರ್ಚಿಯ ಮೇಲಿದ್ದ ಟವೆಲ್ಲನ್ನು ತೆಗೆದು ಷಣ್ಮುಖಪ್ಪನವರ ಕೈಗೆ ಕೊಟ್ಟ. ಅವರು ತಬ್ಬಿಬ್ಬಾಗಿ ಇಸಿದುಕೊಂಡರು. ಫೈಲಿನ ಕಟ್ಟನ್ನು ಎತ್ತಿ ನೆಲದ ಮೇಲಿಟ್ಟು, ಕುರ್ಚಿ ಎಳೆದು ಕೂತ. ಜೇಬಿನಿಂದ ಕ್ಷಮೆಯ ಹಾಳೆ ತೆಗೆದು, ಖಾಲಿ ಬೆನ್ನು ಮೇಲೆ ಬರುವಂತೆ ಮಗುಚಿ ಹಾಕಿ, ಅವರ ಪೆನ್ನನ್ನೇ ಎತ್ತಿಕೊಂಡ. ನಾಗೇಂದ್ರಪ್ಪ ಬಿನ್ ಓಬಣ್ಣ, ಫರ್ನೇಸ್‌ಮನ್, ಬರೆದುಕೊಡುವುದೇನೆಂದರೆ. ಅಕ್ಷರ ದಪ್ಪ ದಪ್ಪಗೆ ಮೂಡಿದವು. ಅಂಗಿ ಎದೆಯ ಹತ್ತಿರ ಬಾಯಿಬಿಟ್ಟುಕೊಂಡಿತ್ತು, ಬಿಟ್ಟುಕೊಳ್ಳಲಿ ಎಂದು ಬಿಟ್ಟ. ಹಗ್ಗ ಎಂದು ಬರೆದು, ಸಾಲದೆನ್ನಿಸಿ, ಅದರ ಮೇಲೆ ಇನ್ನೊಮ್ಮೆ ತಿದ್ದಿದ.

‘ಏಯ್, ಇದು ಮುಗಿಯೋ ಹಂಗೆ ಕಾಣಲ್ಲ. ಎಷ್ಟೊತ್ತು ಬರೀತೀಯಾ?’ ಎಂದು ಷಣ್ಮುಖಪ್ಪನವರು ಗಡಿಯಾರ ನೋಡಿಕೊಂಡರು.

ನಾಗೇಂದ್ರಪ್ಪ ಹಾಳೆಯಿಂದ ತಲೆಯೆತ್ತಲಿಲ್ಲ.

‘ಕಾಯ್ರಿ’ ಎಂದ. ‘ಅವತ್ತು ಕಾದ್ರಲ್ಲ, ಹಂಗೆ.’